ಕಾಡು ಸುಟ್ಟ ಮೇಲೆ ಬಂದ ಮಳೆ

ಮುಂಬಯಿಯಲ್ಲಿ ಬಾಳಿದ ನಮಗೆ ಜೂನ್ ತಿಂಗಳ ಮೊದಲ ಮಳೆಯ ನೀರು ಹೇಗಿರುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಎಂಟು ತಿಂಗಳ ಧೂಳು, ಎಣ್ಣೆ, ಮಸಿಯನ್ನೆಲ್ಲ ಹೊತ್ತು ಗಟಾರಗಳಲ್ಲಿ ಕಪ್ಪಗೆ ಓಡುವ ಆ ನೀರಿಗೆ ಕಾಲಿಡಲು ಹೇಸುತ್ತೇವೆ. ಅಮೇರಿಕೆಯ ನ್ಯೂ ಮೆಕ್ಸಿಕೋ ರಾಜ್ಯದಲ್ಲಿಯೂ ಬೇಸಗೆಯ ನಡುವೆ ಒಂದು ಮಳೆಗಾಲವುಂಟು. ಅಲ್ಲಿನವರೂ ಅದನ್ನು ಮಾನ್ಸೂನ್ ಎಂದೇ ಕರೆಯುತ್ತಾರೆ. 2000ನೆಯ ಇಸವಿಯಲ್ಲಿ ಆ ಮಳೆಯ ಮೊದಲ ನೀರನ್ನು ಬಾಟಲಿಯಲ್ಲಿ ಹಿಡಿಯಲು ಆತಂಕದಿಂದ ಕಾದ ಊರೊಂದರ ಕಥೆಯನ್ನು ಇಲ್ಲಿ ಹೇಳಬಯಸುತ್ತೇವೆ.

ಊರಿನ ಹೆಸರು ಲಾಸ್ ಅಲಮೋಸ್. ಹಿಂದೆ ಹುಡುಗರ ವಸತಿಶಾಲೆಯೊಂದಿದ್ದ ಆ ಎತ್ತರದ ಬಯಲಿನಲ್ಲಿ 1943ರಲ್ಲಿ ಅಣುಬಾಂಬಿನ ಗುಪ್ತ ಪ್ರಯೋಗಶಾಲೆ ತಲೆಯೆತ್ತಿತು. ಅದರ ಮುಖ್ಯಸ್ಥ ಓಪನ್‌ಹೈಮರ್ ಗೀತೆಯನ್ನು ಸ್ಮರಿಸಿದ ಸಂಗತಿಯನ್ನು ನಮ್ಮವರು ಎಷ್ಟೋ ಸಲ ಅಭಿಮಾನದಿಂದ ಹೇಳಿಕೊಂಡಿದ್ದಾರೆ. ಆದರೆ ಆ ಶಾಲೆಯ ಪಾತ್ರೆ ತೊಳೆದ ನೀರು ಎಲ್ಲಿಗೆ ಹೋಯಿತೆಂದು ಕೇಳಿದವರು ಕಡಿಮೆ. ಅದು ಹೋದದ್ದು ಪಕ್ಕದ ಕಮರಿಗೆ. ಪ್ಲುಟೋನಿಯಮ್ ಬೆರೆತ ದ್ರವವನ್ನು 1951ರವರೆಗೆ ಶುದ್ಧಿಯನ್ನೇ ಮಾಡದೆ, ಅನಂತರ 1964ರವರೆಗೆ ಶುದ್ಧಿ ಮಾಡಿ ಅಲ್ಲಿಗೆ ಬಿಡಲಾಯಿತು. ಆ ಕಮರಿಗೆ ಆಸಿಡ್ ಕಣಿವೆಯೆಂದೇ ಹೆಸರು ಬಿತ್ತು. ಅದು ಪ್ವೆಬ್ಲೊ ಕಣಿವೆಯನ್ನು, ಅಲ್ಲಿಂದ ಲಾಸ್ ಅಲಮೋಸ್ ಕಣಿವೆಯನ್ನು ಸೇರಿ, ಸಾನ್ ಇಲ್ಡಫಾನ್ಸೊ ಎಂಬ ಆದಿವಾಸಿ ಜನರ ನೆಲವನ್ನು ಹಾದು, ರಿಯೊ ಗ್ರಾಂಡ್ ನದಿಗೆ ಬಾಯ್ದೆರೆಯುತ್ತದೆ.

ಪ್ಲುಟೋನಿಯಮ್ ನೀರಿನಲ್ಲಿ ಕರಗಿ ಓಡುವುದಕ್ಕಿಂತ ನುಣುಪಾದ ಕೆಸರಿಗೆ ಅಂಟಿ ಕೂರುವುದೇ ಹೆಚ್ಚು. ವರ್ಷದ ಬಹುಭಾಗ ಒಣಗಿಯೇ ಇರುವ ಆ ಕಣಿವೆಗಳಲ್ಲಿ ಅದು ದಶಕಗಳ ಕಾಲ ಮರಳಿನೊಡನೆ ಮಲಗಿತ್ತು. ಮಳೆ ಬಂದಾಗ ಒಂದಿಷ್ಟು ಜರುಗುತ್ತಿತ್ತು, ಅಷ್ಟೆ. ಮೇಲಿನ ಬೆಟ್ಟದ ಪೈನ್ ಕಾಡು ಮಳೆಯ ರಭಸವನ್ನು ತಡೆಯುತ್ತಿತ್ತು.

2000ದ ಮೇ 4ರಂದು ಸಮೀಪದ ಬ್ಯಾಂಡಲಿಯರ್ ರಕ್ಷಿತ ಪ್ರದೇಶದಲ್ಲಿ, ಒಣ ಹುಲ್ಲು-ಪೊದೆಗಳನ್ನು ನಿವಾರಿಸಲೆಂದು ರಾಷ್ಟ್ರೀಯ ಉದ್ಯಾನ ಇಲಾಖೆಯವರೇ ಸೆರ್ರೊ ಗ್ರಾಂಡೆ ಬೆಟ್ಟದ ಮೇಲೆ ಬೆಂಕಿ ಹಚ್ಚಿದರು. ಕಾಡ್ಗಿಚ್ಚನ್ನು ತಪ್ಪಿಸಲು ಹಚ್ಚಿದ ಬೆಂಕಿಯದು! ಮರುದಿನವೇ ಅದು ಕೈಮೀರಿತು. ಮೇ 10ರಂದು ಬಿರುಗಾಳಿ ಅದನ್ನು ಊರೊಳಗೆ ತಂದಿತು. ಊರಿಗೆ ಊರೇ ಖಾಲಿಯಾಯಿತು. ನಾನೂರರಷ್ಟು ಸಂಸಾರಗಳು ಮನೆ ಕಳೆದುಕೊಂಡವು. ಸುಟ್ಟ ನೆಲ 40 ಸಾವಿರ ಎಕರೆಗೂ ಮಿಕ್ಕು, ಅದರಲ್ಲಿ ಸುಮಾರು 7,500 ಎಕರೆ ಪ್ರಯೋಗಶಾಲೆಯದೇ.

ಬೆಂಕಿ ಆರಿತು, ಭಯ ಆರಲಿಲ್ಲ. ಕಾಡು ಬಹಳ ಬಿಸಿಯಾಗಿ ಉರಿದಲ್ಲಿ, ತರಗೆಲೆಗಳಿಂದ ಎದ್ದ ಮೇಣದಂತಹ ಆವಿ ಮಣ್ಣಿನೊಳಕ್ಕಿಳಿದು ಹೆಪ್ಪುಗಟ್ಟುತ್ತದೆ. ಅಂಥ ಮಣ್ಣು ನೀರು ಕುಡಿಯುವುದಿಲ್ಲ. ಕೆಸುವಿನೆಲೆಯ ಮೇಲೆ ಬಿದ್ದಂತೆ ಮಳೆ ಜಾರಿ ಹೋಗುತ್ತದೆ. ಮಾನ್ಸೂನಿಗೆ ಉಳಿದಿದ್ದದ್ದು ಕೆಲವೇ ವಾರ. ಇಳಿಜಾರುಗಳಲ್ಲಿ ಹುಲ್ಲು ಹರಡಿದರು, ಮರದ ದಿಮ್ಮಿಗಳನ್ನು ಅಡ್ಡ ಇಟ್ಟರು. ಪಾಹರೀಟೊ ಕಣಿವೆಗೆ ಅಡ್ಡಲಾಗಿ ಸೈನ್ಯದ ಇಂಜಿನಿಯರುಗಳು ಆ ಬೇಸಗೆಯಲ್ಲಿಯೇ ಸುಮಾರು 70 ಅಡಿ ಎತ್ತರದ ಕಾಂಕ್ರೀಟ್ ಕಟ್ಟೆ ಎಬ್ಬಿಸಿದರು. ಕಣಿವೆಗಳಲ್ಲಿ ನೀರಿನ ಮಟ್ಟ ಅಳೆಯುವ ಠಾಣೆಗಳಿದ್ದವು. ಮಟ್ಟ ಏರಿದೊಡನೆ ತಾನಾಗಿಯೇ ಬಾಟಲಿಗಳನ್ನು ತುಂಬುವ ಯಂತ್ರಗಳೂ ಅಲ್ಲಿ ಸಜ್ಜಾದವು. ನಡುರಾತ್ರಿ ನುಗ್ಗುವ ನೆರೆಗೆ ಮನುಷ್ಯ ಕೊಡ ಹಿಡಿದು ನಿಲ್ಲಲಾರನಲ್ಲ! ಪ್ರಯೋಗಶಾಲೆಯ ಮಾತನ್ನಷ್ಟೇ ನಂಬಲು ಕೆಳಗಿನ ಜನ ಸಿದ್ಧರಿರಲಿಲ್ಲವಾದ್ದರಿಂದ ರಾಜ್ಯದ ಪರಿಸರ ಇಲಾಖೆಯೂ ಪ್ರತ್ಯೇಕವಾಗಿ ಮಾದರಿ ಸಂಗ್ರಹಿಸಿತು. ಈ ಅಪನಂಬಿಕೆ ನಮಗಂತೂ ನ್ಯಾಯವಾಗಿಯೇ ತೋರುತ್ತದೆ. ಆ ನದಿಯ ನೀರಿನಲ್ಲಿ ಜೋಳ ಬೆಳೆಯುವವರು ಅವರು.

ಜೂನ್ 28ರಂದು ಮೊದಲ ದೊಡ್ಡ ನೆರೆ ಬಂತು. ಕೆಲವು ಕಣಿವೆಗಳಲ್ಲಿ ಹರಿವು ಹಿಂದೆ ಕಂಡದ್ದಕ್ಕಿಂತ ನೂರಾರು ಪಟ್ಟು. ಬಾಟಲಿಗಳಲ್ಲಿ ತುಂಬಿದ್ದು ನೀರೆನ್ನುವುದಕ್ಕಿಂತ ಬೂದಿಯ ಗಂಜಿ. ಸೋಸಿದ ನೀರನ್ನೂ ಸೋಸದ ನೀರನ್ನೂ ಬೇರೆ ಬೇರೆ ಪರೀಕ್ಷಿಸಿದಾಗ ಸೀಸಿಯಮ್-137, ಸ್ಟ್ರಾನ್ಶಿಯಮ್-90 ಮೊದಲಾದವು ಹೆಚ್ಚಾಗಿ ಕಂಡವು. ಬಹುಪಾಲು ಬೂದಿ-ಕೆಸರಿಗೆ ಅಂಟಿದ್ದವು. ಸಯನೈಡ್ ಕೂಡ ಸಿಕ್ಕಿತು. ವಿಮಾನದಿಂದ ಸುರಿದ ಬೆಂಕಿನಿರೋಧಕ ಮದ್ದು, ಇಲ್ಲವೇ ಉರಿದ ಕಾಡೇ ಅದಕ್ಕೆ ಮೂಲವೆಂದು ಶಂಕಿಸಿದರು.

ಟ್ರಾಂಬೆಯಲ್ಲಿ ದುಡಿದ ಕನ್ನಡಿಗರು ನಮ್ಮಲ್ಲಿ ಎಷ್ಟೋ ಮಂದಿ. ಅವರಿಗೆ ಸೀಸಿಯಮ್-137 ಹೊಸ ಹೆಸರಲ್ಲ. ಪ್ರಯೋಗಶಾಲೆಯ ಪಾಪ ಬಯಲಾಯಿತೆಂದು ಯಾರೂ ಅಂದುಕೊಳ್ಳಬಹುದಿತ್ತು. ಆದರೆ ಪ್ರಯೋಗಶಾಲೆಯಿಂದ ಮೇಲುಗಡೆಯ, ಅದರ ಸೋಂಕೇ ಇಲ್ಲದ ಬೆಟ್ಟದಿಂದ ಬಂದ ನೀರಿನಲ್ಲಿಯೂ ಅದು ಇತ್ತು! ಅದೇ ವರ್ಷ ದೂರದ ಪೆಕೋಸ್ ಬಳಿ ಸುಟ್ಟ ಕಾಡಿನ ಬೂದಿಯಲ್ಲಿಯೂ ಇತ್ತು. ವಿಷಯ ಇಷ್ಟು: 1963ರ ಒಪ್ಪಂದದವರೆಗೆ ದೊಡ್ಡ ರಾಷ್ಟ್ರಗಳು ಬಯಲಿನಲ್ಲಿ ಸಿಡಿಸಿದ ಬಾಂಬುಗಳ ಧೂಳು ಜಗತ್ತಿನ ಎಲ್ಲ ಕಾಡುಗಳ ಮೇಲೆ ಉದುರಿತ್ತು. ಮರ, ತೊಗಟೆ, ತರಗೆಲೆಗಳು ಅದನ್ನು ಹಿಡಿದಿಟ್ಟಿದ್ದವು. ಹತ್ತು ಗಾಡಿ ಸೌದೆ ಉರಿದು ಒಂದು ಬುಟ್ಟಿ ಬೂದಿಯಾದಾಗ ಅದೆಲ್ಲ ಆ ಬುಟ್ಟಿಯಲ್ಲಿ ಒಟ್ಟಾಯಿತು.

ಹಾಗೆಂದು ಪ್ರಯೋಗಶಾಲೆ ಪಾರಾಗಲಿಲ್ಲ. 2001ರ ಜುಲೈ 2ರಂದು ಪ್ವೆಬ್ಲೊ ಕಣಿವೆಯಲ್ಲಿ ಭಾರಿ ನೆರೆ ಬಂದು ಹಳೆಯ ಕೆಸರನ್ನು ಕಿತ್ತೊಯ್ದಿತು. ಪ್ಲುಟೋನಿಯಮ್ ಕೂಡ ಹೊರಟಿತು. ಪ್ಲುಟೋನಿಯಮ್ಮಿಗೆ ಬೆರಳಚ್ಚು ಇದೆ. ಜಗತ್ತಿನ ಮೇಲೆ ಉದುರಿದ ಧೂಳಿನಲ್ಲಿ 240ರ ಅಣುಗಳು 239ರ ಅಣುಗಳಿಗೆ 0.18ರ ಪ್ರಮಾಣದಲ್ಲಿರುತ್ತವೆ, ಬಾಂಬಿಗಾಗಿ ತಯಾರಿಸಿದ್ದರಲ್ಲಿ ಬಹಳ ಕಡಿಮೆ. ಹೀಗೆ ಯಾವ ಕೆಸರು ಯಾರದೆಂದು ಗುರುತಿಸಬಹುದಾಗಿತ್ತು. ರಾಜ್ಯ ಸರಕಾರ ಹೊರಗಿನ ತಜ್ಞರಿಂದ ಮಾಡಿಸಿದ ಲೆಕ್ಕಾಚಾರ ಜನರಿಗೆ ಅಪಾಯ ಅತ್ಯಲ್ಪವೆಂದಿತು.

2011ರ ಜೂನ್ 26ರಂದು ಒಂದು ಮರ ವಿದ್ಯುತ್ ತಂತಿಯ ಮೇಲೆ ಬಿದ್ದು, ಅದೇ ಬೆಟ್ಟಗಳಲ್ಲಿ ಒಂದೂವರೆ ಲಕ್ಷ ಎಕರೆ ಉರಿಯಿತು. ಆಗಸ್ಟಿನ ನೆರೆ ಕೋಚಿಟಿ ಕಣಿವೆಯ ಹೆಸರುವಾಸಿ ಸೇಬಿನ ತೋಟವನ್ನು ಕೊಚ್ಚಿತು. ಆಲ್ಬುಕರ್ಕಿ ನಗರ ಬೂದಿನೀರಿಗೆ ಹೆದರಿ ನದಿಯಿಂದ ನೀರೆತ್ತುವುದನ್ನು ನಿಲ್ಲಿಸಿತು. ಸಾಂಟಾ ಫೆ ನಗರವಂತೂ ಅದೇ ವರ್ಷ ನದಿಯಿಂದ ಕುಡಿಯುವ ನೀರೆತ್ತಲು ತೊಡಗಿತ್ತು, ಅದೂ ಲಾಸ್ ಅಲಮೋಸ್ ಕಣಿವೆ ನದಿಗೆ ಸೇರುವಲ್ಲಿಂದ ಕೆಲವೇ ಮೈಲಿ ಕೆಳಗೆ. ಅದಕ್ಕಾಗಿ ಒಂದು ವ್ಯವಸ್ಥೆ ಮಾಡಿಕೊಂಡರು. ಮೇಲೆ ಕಣಿವೆಯ ಠಾಣೆಗಳಲ್ಲಿ ನೀರು ಏರಿದರೆ ಕೆಳಗಿನ ಸ್ಥಾವರಕ್ಕೆ ಸಂಕೇತ ಬರುತ್ತದೆ. ಆ ಕೆಸರುನೀರು ದಾಟಿಹೋಗುವವರೆಗೆ ಪಂಪುಗಳನ್ನು ನಿಲ್ಲಿಸುತ್ತಾರೆ.