ಅಳತೆ ಪುಸ್ತಕಕ್ಕೆ ಬಾರದ ರ್‍ಯಾಂಪು

ಮೂರು ಅಡಿ ಪಾಯ ಎತ್ತಿ ಕಟ್ಟಿದ ಸರ್ಕಾರಿ ಕಚೇರಿಗೆ ಗಾಲಿಕುರ್ಚಿ ಹತ್ತಬೇಕಾದರೆ ಕನಿಷ್ಠ 36 ಅಡಿ ಉದ್ದದ ಇಳಿಜಾರು ಬೇಕು. ಒಂದು ಅಡಿ ಏರಿಕೆಗೆ ಹನ್ನೆರಡು ಅಡಿ ಉದ್ದ ಎಂಬುದು ಮಾರ್ಗಸೂಚಿಗಳು ಒಪ್ಪಿರುವ ಲೆಕ್ಕ. ಅಷ್ಟುದ್ದವನ್ನು ಒಂದೇ ಉಸಿರಿಗೆ ಏರಲಾಗದು. ನಡುವೆ ನಿಲ್ಲಲು ಸಮತಟ್ಟಾದ ಜಾಗ ಬೇಕು, ಎರಡೂ ಬದಿಗೆ ಹಿಡಿಕಂಬಿ ಬೇಕು, ಅಗಲ ನಾಲ್ಕು ಅಡಿಯಾದರೂ ಇರಬೇಕು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಶಾಲೆ, ಪಂಚಾಯಿತಿ, ಆಸ್ಪತ್ರೆಗಳಿಗೆ ಅಲೆದವರಿಗೆ ಇನ್ನೊಂದು ಬಗೆಯ ರ್‍ಯಾಂಪೂ ಗೊತ್ತು. ಮೆಟ್ಟಿಲ ಪಕ್ಕ ಮಿಕ್ಕ ಹತ್ತು ಅಡಿಯಲ್ಲಿ ಕಾಂಕ್ರೀಟ್ ಸುರಿದು, ಮೇಲೆ ನುಣುಪು ಟೈಲ್ಸ್ ಹಾಕಿ, ಕೆಳತುದಿಯನ್ನು ಚರಂಡಿಯ ಬಾಯಿಗೆ ತಂದು ನಿಲ್ಲಿಸಿದ ರ್‍ಯಾಂಪು ಅದು. ಅದಕ್ಕೂ ಬಿಲ್ ಆಗಿರುತ್ತದೆ. ಕಾನೂನು ಇಷ್ಟು ಬೆಳೆದ ಮೇಲೂ ಇಂಥದ್ದಕ್ಕೆ ಬಿಲ್ ಆಗುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಹಳೇ ಮೈಸೂರು ಸೀಮೆಯಲ್ಲಿ ಅಂಗವಿಕಲರ ಬಗೆಗಿನ ಸಾರ್ವಜನಿಕ ಕಾಳಜಿ ಶಾಲೆಯಿಂದ ಶುರುವಾಯಿತು. ಮೈಸೂರಿನಲ್ಲಿ 1901ರಲ್ಲೇ ಅಂಧ ಮತ್ತು ಕಿವುಡ ಮಕ್ಕಳ ಶಾಲೆ ಹುಟ್ಟಿತು. ರಾಜ್ಯದಲ್ಲಿ ಪ್ರತ್ಯೇಕ ಇಲಾಖೆ ಬಂದದ್ದು 1988ರಲ್ಲಿ. ಅಲ್ಲಿಯವರೆಗೂ, ಆಮೇಲೂ ಬಹುಕಾಲ, ನೆರವೆಂದರೆ ಮಾಸಾಶನ, ತ್ರಿಚಕ್ರ ಸೈಕಲ್ಲು, ಶ್ರವಣಯಂತ್ರ. ಸೈಕಲ್ಲು ಕೊಟ್ಟ ಕಚೇರಿಯ ಬಾಗಿಲೊಳಗೆ ಆ ಸೈಕಲ್ಲು ಹೋಗುತ್ತದೆಯೇ ಎಂದು ಕೇಳಿದವರು ಕಡಿಮೆ.

ಆ ಪ್ರಶ್ನೆ ಕಾನೂನಿನೊಳಗೆ ಬಂದದ್ದು ಅಂಗವಿಕಲರಿಗಾಗಿ ಬಂದ 1995ರ ಅಧಿನಿಯಮದಿಂದ. ಸಾರ್ವಜನಿಕ ಕಟ್ಟಡಕ್ಕೆ ಇಳಿಜಾರು, ಶೌಚಾಲಯದಲ್ಲಿ ಮಾರ್ಪಾಡು, ಲಿಫ್ಟಿನಲ್ಲಿ ಬ್ರೈಲ್, ರಸ್ತೆ ದಾಟಲು ಶಬ್ದದ ಸಂಕೇತ ಎಲ್ಲವೂ ಅದರಲ್ಲಿದ್ದವು. ಜೊತೆಗೆ ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಮಾತೂ ಇತ್ತು. ಆ ಒಂದು ಮಾತಿನಿಂದಾಗಿ ಮಾಡದಿರಲು ಕಾರಣ ಹುಡುಕುವುದು ಸುಲಭವಾಯಿತು. 1998ರಲ್ಲಿ ಕೇಂದ್ರ ಲೋಕೋಪಯೋಗಿ ಇಲಾಖೆ ಅಳತೆಗಳ ಸಮೇತ ಮಾರ್ಗಸೂಚಿ ಹೊರತಂದಿತು. 2001ರಲ್ಲಿ ವಿಜ್ಞಾನಿ ಸ್ಟೀಫನ್ ಹಾಕಿಂಗ್ ದೆಹಲಿಗೆ ಬಂದಾಗ ಅಲ್ಲಿನ ಸ್ಮಾರಕಗಳಿಗೆ ತಾತ್ಕಾಲಿಕ ರ್‍ಯಾಂಪುಗಳು ಬಿದ್ದವು. ಹಕ್ಕುಗಳ ಹೋರಾಟಗಾರ ಜಾವೇದ್ ಅಬಿದಿ ಅದಕ್ಕಾಗಿ ಪಟ್ಟು ಹಿಡಿದಿದ್ದರು. ಮನಸ್ಸು ಮಾಡಿದರೆ ಕೆಲಸ ಆಗುತ್ತದೆಂದು ಅಂದು ದೇಶಕ್ಕೆ ಗೊತ್ತಾಯಿತು.

ಇದೇ ಹೊತ್ತಿಗೆ ಕರ್ನಾಟಕದಲ್ಲಿ ಇನ್ನೊಂದು ಕಾನೂನು ಬಂತು: 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, ಗುತ್ತಿಗೆ ವಲಯದ ಬಾಯಲ್ಲಿ ‘ಕೆಟಿಪಿಪಿ’. ಟೆಂಡರ್ ಹೇಗೆ ಕರೆಯಬೇಕು, ಹೇಗೆ ತೆರೆಯಬೇಕು, ಯಾರಿಗೆ ಕೊಡಬೇಕು ಎಂಬುದನ್ನೆಲ್ಲ ಅದು ಬಿಗಿ ಮಾಡಿತು. ಆದರೆ ಅದರ ಕಣ್ಣಿದ್ದದ್ದು ಬಿಡ್ ಹಾಕುವವರ ನಡುವಿನ ಸಮಾನತೆಯ ಮೇಲೆ. ಕಟ್ಟಡ ಬಳಸುವವರ ನಡುವಿನ ಸಮಾನತೆ 1995ರ ಅಧಿನಿಯಮದ ಪಾಲಿಗೆ ಉಳಿಯಿತು. ಎರಡೂ ಕಾನೂನು ಒಂದೇ ಕಾಮಗಾರಿಯ ಮೇಲೆ ಜಾರಿಯಲ್ಲಿದ್ದರೂ ಒಂದನ್ನೊಂದು ಮಾತಾಡಿಸಲಿಲ್ಲ. ನನ್ನ ಮಟ್ಟಿಗೆ ಈ ಕ್ಷೇತ್ರದ ಮೂಲ ದೋಷ ಇದೇ. ಗುತ್ತಿಗೆದಾರ ಕಾನೂನು ಪುಸ್ತಕ ನೋಡಿ ಕಟ್ಟುವುದಿಲ್ಲ, ಎಸ್ಟಿಮೇಟ್ ನೋಡಿ ಕಟ್ಟುತ್ತಾನೆ. ‘ಎಸ್ಟಿಮೇಟ್ನಲ್ಲಿ ಬರ್ದಿಲ್ಲ ಸ್ವಾಮಿ, ನಾನೆಲ್ಲಿಂದ ಹಾಕ್ಲಿ?’ ಎಂಬ ಅವನ ಮಾತಿನಲ್ಲಿ ನ್ಯಾಯವಿದೆ. ಎಸ್ಟಿಮೇಟಿನಲ್ಲಿ ‘ರ್‍ಯಾಂಪ್’ ಎಂದಷ್ಟೇ ಬರೆದು ಒಟ್ಟು ಮೊತ್ತ ನಮೂದಿಸಿ, ಇಳಿಜಾರಿನ ಪ್ರಮಾಣ, ಅಗಲ, ಕಂಬಿಯ ಎತ್ತರ ಯಾವುದನ್ನೂ ಹೇಳದಿದ್ದರೆ ಎಂ.ಬಿ. ಎಂಬ ಅಳತೆ ಪುಸ್ತಕದಲ್ಲಿ ಇಂಜಿನಿಯರು ಅಳೆಯುವುದಾದರೂ ಏನನ್ನು? ಕಾಂಕ್ರೀಟಿನ ಘನ ಅಳತೆ ಸರಿಹೋದರೆ ರ್‍ಯಾಂಪೂ ಸರಿಯೆಂದೇ ಲೆಕ್ಕ.

ಮುಂದಿನ ಹತ್ತು ವರ್ಷ ಬೇಗ ಹೇಳಿ ಮುಗಿಸಬಹುದು. ಅಂಗವಿಕಲರ ಹಕ್ಕುಗಳ ಕುರಿತ 2006ರ ವಿಶ್ವಸಂಸ್ಥೆ ಒಡಂಬಡಿಕೆಯನ್ನು ಭಾರತ 2007ರಲ್ಲಿ ಒಪ್ಪಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಅಡೆತಡೆಯಿಲ್ಲದ ಪ್ರವೇಶವನ್ನು ಕಡ್ಡಾಯ ಮಾಡಿತು. ಹಳ್ಳಿಯ ಶಾಲೆಗೆ ರ್‍ಯಾಂಪು ಬರಲು ಈ ಕಾಯ್ದೆ ಎಷ್ಟು ಕಾರಣವೋ ಚುನಾವಣೆಯೂ ಅಷ್ಟೇ ಕಾರಣ, ಏಕೆಂದರೆ ಮತಗಟ್ಟೆ ಇರುವುದು ಆ ಶಾಲೆಯಲ್ಲೇ. 2015ರ ಡಿಸೆಂಬರ್ 3ರಂದು, ಅಂಗವಿಕಲರ ಓಡಾಟ ಸುಗಮಗೊಳಿಸಲೆಂದು ಕೇಂದ್ರದ ಸುಗಮ್ಯ ಭಾರತ ಅಭಿಯಾನ ಶುರುವಾಯಿತು.

ನಿಜವಾದ ತಿರುವು 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ. ಅದು ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಏಳಿದ್ದ ವೈಕಲ್ಯಗಳ ಪಟ್ಟಿ 21ಕ್ಕೆ ಏರಿತು. ಗುತ್ತಿಗೆಯ ದೃಷ್ಟಿಯಿಂದ ನೋಡಿದರೆ ಇದರ ನಾಲ್ಕು ಕಲಮುಗಳು ಮುಖ್ಯ. 44ನೆಯದರ ಪ್ರಕಾರ ನಿಯಮ ಪಾಲಿಸದ ನಕ್ಷೆಗೆ ಅನುಮತಿಯಿಲ್ಲ, ಪಾಲಿಸದ ಕಟ್ಟಡಕ್ಕೆ ಪೂರ್ಣಗೊಂಡ ಪ್ರಮಾಣಪತ್ರವೂ ಇಲ್ಲ. 45ನೆಯದು ಹಳೆಯ ಸಾರ್ವಜನಿಕ ಕಟ್ಟಡಗಳಿಗೆ ಐದು ವರ್ಷ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರ, ಆಸ್ಪತ್ರೆ, ಶಾಲೆ, ರೈಲು ನಿಲ್ದಾಣ, ಬಸ್ ನಿಲ್ದಾಣಗಳಿಗೆ ಕ್ರಿಯಾಯೋಜನೆ ಪ್ರಕಟಿಸಬೇಕೆಂದಿತು. 46ನೆಯದು ಸೇವೆ ಕೊಡುವವರು ಸರ್ಕಾರದವರಿರಲಿ, ಖಾಸಗಿಯವರಿರಲಿ, ಎರಡೇ ವರ್ಷದಲ್ಲಿ ಸರಿಪಡಿಸಿಕೊಳ್ಳಬೇಕೆಂದಿತು. 89ನೆಯದರಲ್ಲಿ ದಂಡವಿದೆ: ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ತಪ್ಪಿದರೆ 50,000ದಿಂದ 5 ಲಕ್ಷದವರೆಗೆ. ನಿಯಮಗಳು ಪ್ರಕಟವಾದದ್ದು 2017ರ ಜೂನ್ 15ರಂದು. ಅಂದರೆ ಎರಡು ವರ್ಷದ ಗಡುವು 2019ರಲ್ಲಿ, ಐದು ವರ್ಷದ್ದು 2022ರಲ್ಲಿ ಮುಗಿದುಹೋಗಿದೆ.

46ನೆಯ ಕಲಮಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಮ್ಮ ಕಡೆ ಗುತ್ತಿಗೆದಾರ ಎಂದರೆ ಸಿಮೆಂಟು, ಜಲ್ಲಿ ನೆನಪಾಗುತ್ತದೆ. ಈಗ ಸೇವೆಗಳೇ ಗುತ್ತಿಗೆಯಲ್ಲಿವೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕವನ್ನು ನೋಡಿ: ಕಟ್ಟೆಯ ಮೇಲೆ ಕಟ್ಟೆ, ಎದೆಯೆತ್ತರದಲ್ಲಿ ನಾಣ್ಯ ಹಾಕುವ ಕಿಂಡಿ, ನಲ್ಲಿಯ ಕೆಳಗೆ ಕ್ಯಾನು ಇಡಲು ಮತ್ತೊಂದು ದಿಣ್ಣೆ. ಗಾಲಿಕುರ್ಚಿಯಲ್ಲಿ ಕೂತವರಿಗೆ ನೀರು ಕಣ್ಣಳತೆಯಲ್ಲಿದ್ದರೂ ಕೈಗೆಟುಕದು. ಬಸ್ ನಿಲ್ದಾಣದ ಶೌಚಾಲಯದಲ್ಲಿ ಅಂಗವಿಕಲರ ಕೋಣೆಯೆಂದು ಫಲಕ ಇದ್ದರೂ ಬಕೆಟ್ಟು, ಫಿನಾಯಿಲ್ ಡಬ್ಬ ತುಂಬಿ ಬೀಗ ಹಾಕಿರುವುದನ್ನು ಎಷ್ಟು ಕಡೆ ಕಾಣುತ್ತೇವೆ! ಕಟ್ಟಿದವನು ಸರಿಯಾಗಿಯೇ ಕಟ್ಟಿದ್ದಾನೆ, ತಪ್ಪಿರುವುದು ನಿರ್ವಹಣೆ ಹಿಡಿದವನಲ್ಲಿ. ಸರ್ಕಾರಿ ಸೇವೆಗಳನ್ನು ಹಳ್ಳಿಯಲ್ಲೇ ಕೊಡಲು 2022ರಲ್ಲಿ ಆರಂಭವಾದ ಗ್ರಾಮ ಒನ್ ಕೇಂದ್ರಗಳನ್ನು ನಡೆಸುವವರೂ ಖಾಸಗಿಯವರೇ. ಅಂಗಡಿ ಮಳಿಗೆಯ ಮೆಟ್ಟಿಲ ಮೇಲೆ ಕೇಂದ್ರ ತೆರೆದರೆ, ಪಿಂಚಣಿ ಅರ್ಜಿ ಹಾಕಬೇಕಾದವರು ರಸ್ತೆಯಲ್ಲೇ ನಿಲ್ಲಬೇಕಾಗುತ್ತದೆ. ಸೇವೆಯನ್ನು ಗುತ್ತಿಗೆಗೆ ಕೊಟ್ಟ ಮಾತ್ರಕ್ಕೆ ಸರ್ಕಾರದ ಹೊಣೆ ಕಳೆಯುವುದಿಲ್ಲ. ಗುತ್ತಿಗೆದಾರನಿಗೂ ಅದು ಅಂಟಿಕೊಳ್ಳುತ್ತದೆ. ಅಮೆರಿಕದಲ್ಲಿ ಅಂಗವಿಕಲರಿಗಾಗಿ ಬಂದ 1990ರ ಕಾನೂನಿನಡಿಯ ನಿಯಮಗಳು, ನೇರವಾಗಿಯಾಗಲಿ ಗುತ್ತಿಗೆಯ ಮೂಲಕವಾಗಲಿ ತಾರತಮ್ಯ ಮಾಡುವಂತಿಲ್ಲ ಎಂದು ಬಿಡಿಸಿ ಹೇಳುತ್ತವೆ. ಐರೋಪ್ಯ ಒಕ್ಕೂಟ 2014ರಲ್ಲಿ ತನ್ನ ಖರೀದಿ ಕಾನೂನಿನೊಳಗೇ ಇದನ್ನು ತಂದು, ಜನಬಳಕೆಯ ಕಾಮಗಾರಿಯ ತಾಂತ್ರಿಕ ವಿವರದಲ್ಲಿ ಅಂಗವಿಕಲರ ಬಳಕೆಯೂ ಸೇರಿರಬೇಕೆಂದಿತು. ನಮ್ಮಲ್ಲಿ ಆಗದೆ ಉಳಿದದ್ದು ಈ ಜೋಡಣೆ.

ಮೊದಲು ಹೇಳಿದ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲ ಬಗೆಯ ಗುತ್ತಿಗೆಯೂ ಸಿಗುತ್ತದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ, ಸುಮಾರು 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಹೆದ್ದಾರಿ ಶ್ರೀರಂಗಪಟ್ಟಣ ತಾಲ್ಲೂಕನ್ನು ಸೀಳಿಕೊಂಡು ಹೋಗಿದೆ. ಆಚೆ ಬದಿಯ ಬಸ್ ಹಿಡಿಯಲು ಇರುವ ಮೇಲ್ಸೇತುವೆಗೆ ಮೆಟ್ಟಿಲಷ್ಟೇ ಇದ್ದರೆ ಕಾಲಿಲ್ಲದವರಿಗೆ ಆ ಬಸ್ ಇಲ್ಲವೆಂದೇ ಅರ್ಥ. ಇಂಥ ಹೆದ್ದಾರಿ ಗುತ್ತಿಗೆಗಳಲ್ಲಿ ಕಟ್ಟಿದವರ ಮೇಲೆ ವರ್ಷಗಟ್ಟಲೆ ನಿರ್ವಹಣೆಯ ಹೊಣೆಯೂ ಇರುವುದರಿಂದ ತಿದ್ದಲು ಕಾಲ ಮೀರಿಲ್ಲ. ನಾಗಮಂಗಲ ತಾಲ್ಲೂಕಿಗೆ ಕುಣಿಗಲ್–ಹಾಸನ ಮಾರ್ಗದ ರೈಲು ಬಂದದ್ದು 2017ರಲ್ಲಿ, ಹೊಸ ಅಧಿನಿಯಮ ಜಾರಿಗೆ ಬಂದ ವರ್ಷವೇ. ಅಲ್ಲಿ ಹಳೆಯ ಕಟ್ಟಡದ ನೆಪ ಹೇಳುವಂತಿಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಯೋಗನರಸಿಂಹನ ಬೆಟ್ಟದ ಮೆಟ್ಟಿಲುಗಳನ್ನು ಕಿತ್ತು ಇಳಿಜಾರು ಮಾಡಿ ಎಂದು ಯಾರೂ ಕೇಳುತ್ತಿಲ್ಲ. ಆದರೆ ಅಲ್ಲಿನ ವೈರಮುಡಿ ಉತ್ಸವಕ್ಕೆ ಪ್ರತಿವರ್ಷ ಬ್ಯಾರಿಕೇಡ್, ಪೆಂಡಾಲ್, ತಾತ್ಕಾಲಿಕ ಶೌಚಾಲಯಗಳ ಕೆಲಸ ಹೊರಗಿನವರಿಗೆ ಒಪ್ಪಿಸುತ್ತಾರಲ್ಲ, ಅದರಲ್ಲಿ ಗಾಲಿಕುರ್ಚಿ ಹೋಗುವಷ್ಟು ದಾರಿ, ಒಂದಿಷ್ಟು ಅಗಲದ ಬಾಗಿಲು ಬರೆಯಲು ಅಡ್ಡಿಯೇನು? ಕೆ.ಆರ್. ಪೇಟೆಯ ಹೊಸಹೊಳಲಿನಂಥ ಹೊಯ್ಸಳ ಗುಡಿಯಲ್ಲಿ ಅದು ನಿಂತಿರುವ ಜಗತಿಯ ಕಟ್ಟೆಯನ್ನು ಮುಟ್ಟದೆ, ತೆಗೆದಿಡಬಹುದಾದ ಮರದ ಇಳಿಜಾರು ಹಾಕಬಹುದು.

ಇತ್ತೀಚಿನ ಬೆಳವಣಿಗೆ ನ್ಯಾಯಾಲಯದ್ದು. ದೃಷ್ಟಿದೋಷವುಳ್ಳ ರಾಜೀವ್ ರತುರಿ 2005ರಲ್ಲಿ ಹೂಡಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2017ರಲ್ಲಿ ನಿರ್ದೇಶನ ಕೊಟ್ಟಿತ್ತು. 2024ರ ನವೆಂಬರ್ 8ರಂದು ಅದೇ ಪ್ರಕರಣದಲ್ಲಿ, 2017ರ ನಿಯಮಗಳ 15(1) ಮೂಲ ಕಾಯ್ದೆಗೆ ವಿರುದ್ಧವೆಂದು ಸಾರಿತು. ಕಾಯ್ದೆ ಕಡ್ಡಾಯ ಎಂದದ್ದನ್ನು ನಿಯಮ ಬರೀ ಸಲಹೆಯ ಮಟ್ಟಕ್ಕೆ ಇಳಿಸಿತ್ತು. ಬಿಟ್ಟುಕೊಡಲಾಗದ ಕನಿಷ್ಠ ಮಾನದಂಡಗಳನ್ನು ಮೂರು ತಿಂಗಳಲ್ಲಿ ರೂಪಿಸಿ ಎಂದು ಕೇಂದ್ರಕ್ಕೆ ಹೇಳಿದ ಕೋರ್ಟು, ಪೂರ್ಣಗೊಂಡ ಪ್ರಮಾಣಪತ್ರ ತಡೆಯುವ, ದಂಡ ಹಾಕುವ ಅಧಿಕಾರಗಳನ್ನೂ ಬಳಸಿ ಎಂದಿತು. 2025ರ ಏಪ್ರಿಲ್ 30ರ ಮತ್ತೊಂದು ತೀರ್ಪು ಡಿಜಿಟಲ್ ಸೇವೆಗೂ ಈ ಹಕ್ಕನ್ನು ವಿಸ್ತರಿಸಿತು. ಮೊಬೈಲ್ ಆ್ಯಪ್ ಮಾಡಿಕೊಡುವವರೂ ಈಗ ಗುತ್ತಿಗೆದಾರರ ಸಾಲಿಗೆ ಸೇರಿದರು.

ಇನ್ನು ಆಗಬೇಕಾದ್ದು ತಾಲ್ಲೂಕು ಮಟ್ಟದಲ್ಲಿ. ಎಸ್ಟಿಮೇಟಿನಲ್ಲಿ ಇಳಿಜಾರು, ಕಂಬಿ, ಬಾಗಿಲು, ಶೌಚಾಲಯ ಒಂದೊಂದಕ್ಕೂ ಅಳತೆ ಸಮೇತ ಬೇರೆ ಐಟಂ ಇರಲಿ. ಅಂತಿಮ ಬಿಲ್‌ಗೆ ಮುಂಚೆ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಊರಿನ ಅಂಗವಿಕಲರೊಬ್ಬರ ಜೊತೆ ಹೋಗಿ ಬಳಸಿ ನೋಡಿ ಸಹಿ ಹಾಕಲಿ. ಆ ಸಹಿ ಇಲ್ಲದೆ ಭದ್ರತಾ ಠೇವಣಿ ವಾಪಸ್ ಹೋಗದಿರಲಿ. ಗುತ್ತಿಗೆದಾರರ ಸಂಘದವರೂ ಇದನ್ನು ಹೊರೆಯೆಂದು ತಿಳಿಯಬೇಕಾಗಿಲ್ಲ. ಐಟಂ ಬರೆದರೆ ಅದಕ್ಕೆ ದುಡ್ಡೂ ಬರುತ್ತದೆ, ಕಟ್ಟಿ ಒಡೆಯುವ ನಷ್ಟವೂ ತಪ್ಪುತ್ತದೆ.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮೂರಿನಲ್ಲಿ ಈಗ ಏಳುತ್ತಿರುವ ಸರ್ಕಾರಿ ಕಟ್ಟಡದ ಎಸ್ಟಿಮೇಟ್ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ, ಅರ್ಜಿ ಶುಲ್ಕ 10 ರೂಪಾಯಿ. ಇಳಿಜಾರಿನ ಅಳತೆ ಅದರಲ್ಲಿ ಕಾಣದಿದ್ದರೆ, ಪಾಯದ ಕೆಲಸ ಮುಗಿಯುವ ಮೊದಲೇ ಇಂಜಿನಿಯರಿಗೂ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೂ ದೂರು ಬರೆಯಿರಿ.