ದುಡಿಯುವವನೆ ಒಡೆಯನಾದಾಗ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಮೂರು ತಾಲ್ಲೂಕುಗಳ ಹೆಸರೆತ್ತಿದೊಡನೆ ಕೇಳುವವರ ಕಣ್ಣ ಮುಂದೆ ನಿಲ್ಲುವ ಚಿತ್ರಗಳು ಕೆಲವೇ. ತುಂಗೆಯ ದಡದ ಶಾರದೆಯ ಸನ್ನಿಧಿ, ಅಡಿಕೆ ಕಾಫಿಗಳ ತೋಟ, ಭದ್ರೆಯ ಹಿನ್ನೀರು, ಬಿಟ್ಟೂ ಬಿಡದೆ ಹೊಯ್ಯುವ ಮಳೆ. ಇವುಗಳ ವಿಷಯವಾಗಿ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಇಂದು ತಮ್ಮ ಮುಂದೆ ಇಡಬೇಕೆಂದಿರುವುದು ಬಸ್ಸುಗಳ ಕಥೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಬಸ್ಸು ಓಡಿಸಿದವರ ಕಥೆ.

ಕನ್ನಡ ಎಂ.ಎ. ಮಾಡಿ ಜೀವನವೆಲ್ಲ ಪಂಪ ಕುಮಾರವ್ಯಾಸರ ಪಾಠ ಹೇಳಿದ ನನಗೆ ವಾಣಿಜ್ಯದ ಮಾತೇಕೆ ಎಂದು ತಾವು ಕೇಳಬಹುದು. ಆದರೆ ವ್ಯಾಪಾರಕ್ಕೂ ನಮ್ಮ ಸಾಹಿತ್ಯಕ್ಕೂ ಸಮಾನವಾದ ಪ್ರಶ್ನೆಯೊಂದಿದೆ. ದುಡಿಯುವ ಮನುಷ್ಯನ ಬೆಲೆ ಎಷ್ಟು ಎಂಬುದೇ ಆ ಪ್ರಶ್ನೆ. ಹನ್ನೆರಡನೆಯ ಶತಮಾನದ ಶರಣರು ಅದಕ್ಕೆ ತಮ್ಮ ಹೆಸರುಗಳಲ್ಲಿಯೆ ಉತ್ತರ ಕೊಟ್ಟರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ; ಕಸುಬು ಹೆಸರಿನ ಮುಂದೆ ಬಿರುದಾಗಿ ನಿಂತಿತು. ಜನರನ್ನು ಹೊಳೆ ದಾಟಿಸುವವನೊಬ್ಬ ಆ ಕೆಲಸದಿಂದಲೆ ಗೌರವ ಪಡೆದ ನಾಡು ಇದು. ಬಸ್ಸಿನ ಚಾಲಕನೂ ಒಂದು ರೀತಿಯಲ್ಲಿ ನಮ್ಮ ಕಾಲದ ಅಂಬಿಗನೇ ಅಲ್ಲವೆ?

ಮಲೆನಾಡಿನಲ್ಲಿ ಈ ಅಂಬಿಗನ ಅಗತ್ಯ ಬಯಲುಸೀಮೆಯವರಿಗೆ ಸುಲಭವಾಗಿ ಅರ್ಥವಾಗುವಂಥದಲ್ಲ. ಇಲ್ಲಿ ಊರೆಂದರೆ ಒತ್ತಾಗಿ ಕಟ್ಟಿಕೊಂಡ ಮನೆಗಳ ಸಾಲಲ್ಲ. ಗುಡ್ಡಕ್ಕೊಂದು ಮನೆ, ಕಣಿವೆಗೊಂದು ಮನೆ. ನಡುವೆ ಹಳ್ಳ, ಕಾಡು, ಉಂಬಳ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರು 1967ರಲ್ಲಿ ಪ್ರಕಟಿಸಿದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಓದಿದವರಿಗೆ, ಜೀತದಾಳು ಗುತ್ತಿ ತನ್ನ ನಾಯಿಯೊಡನೆ ಗುಡ್ಡ ಹತ್ತಿಳಿಯುತ್ತ ನಡೆದದ್ದು ನೆನಪಿರುತ್ತದೆ. ಇಲ್ಲಿಯ ದೂರವೂ ಇಲ್ಲಿಯ ದುಡಿಮೆಯ ಹಳೆಯ ಸ್ವರೂಪವೂ ಆ ಒಂದು ನಡಿಗೆಯಲ್ಲಿ ಕಾಣುತ್ತವೆ. ಜೀತಪದ್ಧತಿ ಕಾಯಿದೆಯ ಮೂಲಕ ರದ್ದಾದದ್ದು 1976ರಲ್ಲಿ. ಆಳು ಎಂಬ ಮಾತು ಬಾಯಿಂದ ಹೋಗಲು ಮತ್ತಷ್ಟು ಕಾಲ ಬೇಕಾಯಿತು.

ಎಡೇಹಳ್ಳಿ ಎಂಬ ಹಳೆಯ ಹೆಸರಿನ ನರಸಿಂಹರಾಜಪುರಕ್ಕೆ ಹಿಂದೊಮ್ಮೆ ತರೀಕೆರೆಯಿಂದ ಕಿರುಹಳಿಯ ಸಣ್ಣ ರೈಲು ಓಡುತ್ತಿತ್ತು. ಅದು ನಿಂತು ಎಷ್ಟೋ ಕಾಲವಾಯಿತು. ಕೊಪ್ಪ ಶೃಂಗೇರಿಗಳಿಗೆ ರೈಲು ಬರಲೇ ಇಲ್ಲ. ಹಳೆಯ ಮೈಸೂರು ಸರಕಾರ 1948ರಲ್ಲಿಯೆ ಸರಕಾರಿ ಬಸ್ಸುಗಳನ್ನು ಆರಂಭಿಸಿದರೂ, ಮಲೆನಾಡು ಮತ್ತು ಕರಾವಳಿಯ ರಸ್ತೆಗಳಲ್ಲಿ ಖಾಸಗಿ ಕಂಪನಿಗಳದೇ ಓಡಾಟ. ನಮ್ಮ ಬಾಲ್ಯದಲ್ಲಿ ಬಸ್ಸಿಗೆ ಅದರ ಕಂಪನಿಯ ಹೆಸರೇ ಹೆಸರು. ‘ಬಸ್ ಬಂತು’ ಎನ್ನುವ ಬದಲು ‘ಶಂಕರ್ ಬಂತು’ ಎನ್ನುತ್ತಿದ್ದೆವು.

ಆ ದಿನಗಳ ಒಂದು ದೃಶ್ಯ ನನ್ನ ಮನಸ್ಸಿನಿಂದ ಮರೆಯಾಗಿಲ್ಲ. ಯಾವ ಕಂಪನಿ, ಯಾವ ಊರು ಎಂಬುದು ಬೇಡ. ನಾನು ಆಗ ಹೊಸದಾಗಿ ಕೆಲಸಕ್ಕೆ ಸೇರಿದ್ದ ಅಧ್ಯಾಪಕ. ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ ಬಸ್ಸಿನ ಬಳಿಗೆ ಒಡೆಯರ ಕಡೆಯ ಗುಮಾಸ್ತನೊಬ್ಬ ಬಂದು, ಕಲೆಕ್ಷನ್ ಕಡಿಮೆಯಾಯಿತೆಂದು ಕಂಡಕ್ಟರನನ್ನು ತುಂಬಿದ ಜನರ ಎದುರಿಗೆ ಏಕವಚನದಲ್ಲಿ ಬಯ್ದ. ನಡುವಯಸ್ಸಿನ ಆ ಮನುಷ್ಯ ತಲೆ ತಗ್ಗಿಸಿ ನಿಂತ. ಗುಮಾಸ್ತ ಅತ್ತ ಹೋದಮೇಲೆ, ಎಲೆ ಅಡಿಕೆಯ ಬುಟ್ಟಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಮುದುಕಿಯೊಬ್ಬಳನ್ನು ಅದೇ ಏಕವಚನದಲ್ಲಿ, ಅದೇ ಮಾತುಗಳಲ್ಲಿ ಗದರಿಸಿದ. ಮೇಲಿನಿಂದ ಸುರಿದ ಅವಮಾನ ನೀರಿನಂತೆ ತಗ್ಗು ಹುಡುಕಿಕೊಂಡು ಹರಿಯುತ್ತದೆ ಎಂಬುದನ್ನು ನಾನು ಅಂದು ಕಂಡೆ. ನೌಕರನನ್ನು ಹೀನಾಯವಾಗಿ ಕಂಡ ಸಂಸ್ಥೆ ತನ್ನ ಗಿರಾಕಿಯನ್ನು ಗೌರವಿಸುತ್ತೇನೆಂದು ಬೋರ್ಡು ಹಾಕಿಕೊಂಡರೆ ಏನು ಪ್ರಯೋಜನ? ಗಿರಾಕಿಗೆ ಎದುರಾಗುವವನು ಒಡೆಯನಲ್ಲ, ಆ ನೌಕರನೇ.

ಮುಂದೆ ಶಂಕರ್ ಕಂಪನಿಯಲ್ಲಿ ಕಾರ್ಮಿಕ ವಿವಾದ ತಲೆದೋರಿ, ಕಂಪನಿ ಇಲ್ಲಿಯ ವ್ಯವಹಾರವನ್ನು ನಿಲ್ಲಿಸಿತು. ಚಾಲಕರು, ಕಂಡಕ್ಟರುಗಳು, ಕ್ಲೀನರುಗಳು, ಗ್ಯಾರೇಜಿನ ಮೆಕ್ಯಾನಿಕ್ಕುಗಳು ಒಮ್ಮೆಗೇ ಬೀದಿಗೆ ಬಿದ್ದರು. ಇಂಥ ಸಂದರ್ಭಗಳಲ್ಲಿ ಸಾಮಾನ್ಯವಾಗಿ ಜನ ಚದುರಿಹೋಗುತ್ತಾರೆ. ಇವರು ಚದುರಲಿಲ್ಲ. 1991ರಲ್ಲಿ ಕೊಪ್ಪವನ್ನು ಕೇಂದ್ರವಾಗಿಟ್ಟುಕೊಂಡು ತಮ್ಮದೇ ಸಾರಿಗೆ ಸಹಕಾರ ಸಂಘವನ್ನು ಕಟ್ಟಿದರು. ಆರು ಬಸ್ಸುಗಳಿಂದ ಆರಂಭವಾದ ಈ ಸಂಸ್ಥೆಯೆ ‘ಸಹಕಾರ ಸಾರಿಗೆ’. ದುಡಿಯುವವನೇ ಷೇರುದಾರ, ಷೇರುದಾರನೇ ಮತದಾರ. ನಿನ್ನೆ ಗೇರು ಬದಲಿಸಿದ ಕೈ ಇಂದು ಆಡಳಿತ ಮಂಡಳಿಯ ಕಾಗದಕ್ಕೆ ಸಹಿ ಹಾಕಿತು.

ಇದು ಎಷ್ಟು ದಿನ ನಡೆದೀತು ಎಂದು ನಮ್ಮ ಪೈಕಿ ಬಲ್ಲವರು ಅನೇಕರು ತಲೆ ಅಲ್ಲಾಡಿಸಿದ್ದರು. ಅವರಲ್ಲಿ ನಾನೂ ಒಬ್ಬನೆಂದು ಒಪ್ಪಿಕೊಳ್ಳುತ್ತೇನೆ. ಲೆಕ್ಕಪತ್ರ ಅರಿಯದವರು, ಬಂಡವಾಳವಿಲ್ಲದವರು, ಎಲ್ಲರೂ ಯಜಮಾನರಾದರೆ ಮಾತು ಕೇಳುವವರು ಯಾರು ಎಂಬುದು ನಮ್ಮ ವಾದ. ಆರು ಬಸ್ಸುಗಳು ಕಾಲಕ್ರಮದಲ್ಲಿ 70ಕ್ಕೂ ಹೆಚ್ಚಾದವು. ಸುಮಾರು 300 ಕುಟುಂಬಗಳು ಈ ಆದಾಯದಿಂದ ಬದುಕಿದವು. ಮೂರು ತಾಲ್ಲೂಕುಗಳ ಒಳಗಿನ ಹಳ್ಳಿಗಳಿಂದ ಹಿಡಿದು ಚಿಕ್ಕಮಗಳೂರು, ತೀರ್ಥಹಳ್ಳಿ, ಶಿವಮೊಗ್ಗಗಳವರೆಗೆ ಆ ಹೆಸರು ಹರಡಿತು. ಸುಮಾರು 29 ವರ್ಷ ಆ ಬಸ್ಸುಗಳು ಓಡಿದವು. ನಮ್ಮ ವಾದ ಸೋತಿತು.

ಗೆಲುವಿನ ಕಾರಣವೇನು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಆಷಾಢದ ಒಂದು ಸಂಜೆ ಜಯಪುರದ ಕಡೆಯಿಂದ ಬರುತ್ತಿದ್ದಾಗ ರಸ್ತೆಗೆ ಅಡ್ಡವಾಗಿ ಮರ ಬಿದ್ದಿತ್ತು. ಬೇರೆ ಬಸ್ಸಾಗಿದ್ದರೆ ಹಿಂದಿರುಗುತ್ತಿತ್ತೋ ಏನೋ. ಚಾಲಕನೂ ಕಂಡಕ್ಟರನೂ ಲುಂಗಿ ಮೇಲೆ ಕಟ್ಟಿ ಇಳಿದರು. ಹತ್ತಿರದ ಮನೆಯಿಂದ ಕೊಡಲಿ ಬಂತು. ಪ್ರಯಾಣಿಕರೂ ಕೈಹಾಕಿದರು. ಮುಕ್ಕಾಲು ಗಂಟೆಯ ಮೇಲೆ ದಾರಿ ಬಿಟ್ಟಿತು. ತೊಯ್ದು ತೊಪ್ಪೆಯಾದ ಕಂಡಕ್ಟರನನ್ನು ‘ಇಷ್ಟು ಕಷ್ಟ ಯಾಕಪ್ಪ ಪಟ್ಟಿರಿ?’ ಎಂದು ಕೇಳಿದೆ. ‘ಬಸ್ಸು ನಮ್ದೇ ಅಲ್ದಾ ಮೇಷ್ಟ್ರೇ? ವಾಪಸ್ ಹೋದ್ರೆ ಯಾರ ಹತ್ರ ದೂರು ಹೇಳಾದು?’ ಎಂದು ಆತ ನಕ್ಕ.

ಆ ನಗೆಯಲ್ಲಿ ಸಂಸ್ಥೆಯ ಲೆಕ್ಕಪುಸ್ತಕವೆಲ್ಲ ಅಡಗಿತ್ತೆಂದು ನನಗೆ ತೋರುತ್ತದೆ. ಬಸ್ಸು ತನ್ನದೆಂದಾಗ ಚಾಲಕ ಗುಂಡಿ ಕಂಡಲ್ಲಿ ನಿಧಾನ ಮಾಡುತ್ತಾನೆ. ಸ್ಪ್ರಿಂಗು, ಟೈರು ಉಳಿಯುತ್ತವೆ. ಟಿಕೆಟ್ಟಿನ ಹಣ ತನ್ನದೆಂದಾಗ ಕಂಡಕ್ಟರನ ಮೇಲೆ ಕಾವಲುಗಾರನನ್ನು ಇಡುವ ಖರ್ಚು ಕಡಿಮೆ. ಊರು ತನ್ನದೆಂದಾಗ ತೋಟದ ಮನೆಯ ರೋಗಿಗೆ ಪೇಟೆಯಿಂದ ಔಷಧ ತಲುಪಿಸುವ ಹೊಣೆಯನ್ನೂ ಆತ ಹೊರುತ್ತಾನೆ. ಶಾಲೆ ಕಾಲೇಜುಗಳ ಮಕ್ಕಳಿಗೆ ಈ ಸಂಸ್ಥೆ ರಿಯಾಯಿತಿ ಪಾಸು ಕೊಟ್ಟಿತು. ನನ್ನ ತರಗತಿಯ ಮುಂದಿನ ಸಾಲಿನಲ್ಲಿ ಕುಳಿತಿದ್ದ ಎಷ್ಟೋ ಹೆಣ್ಣುಮಕ್ಕಳು ಆ ಪಾಸಿನ ಬಲದಿಂದ ಪದವಿ ಮುಗಿಸಿದವರು. ಬೆಳಗಿನ ಬಸ್ಸು ತಡವಾದ ದಿನ ನನ್ನ ಹಾಜರಿ ಪುಸ್ತಕದಲ್ಲಿ ಅರ್ಧ ಪುಟ ಖಾಲಿ.

ಇದು ಕೊಪ್ಪದ್ದೊಂದೇ ಅನುಭವವಲ್ಲ. ನಮ್ಮ ಗುಡ್ಡಗಳ ಕಾಫಿಯನ್ನು ಪೇಟೆಯಲ್ಲಿ ಕುಡಿಸುತ್ತಿದ್ದ ಕಾಫಿ ಹೌಸುಗಳನ್ನು ಕಾಫಿ ಮಂಡಳಿ ಮುಚ್ಚಹೊರಟಾಗ, ಎ. ಕೆ. ಗೋಪಾಲನ್ ಅವರ ಮುಂದಾಳುತನದಲ್ಲಿ ಕೆಲಸಗಾರರು ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಮೊದಲನೆಯದು 1957ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಬೀಡಿ ಕಾರ್ಮಿಕರ ಹಿತದ ಕಾಯಿದೆಗೆ ಬೆದರಿ ಉದ್ಯಮಿಗಳು ಕಣ್ಣೂರಿನಲ್ಲಿ ತಮ್ಮ ಶಾಖೆಗಳನ್ನು ಮುಚ್ಚಿದಾಗ, 1969ರಲ್ಲಿ ಅಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಎದ್ದಿತು. ಇನ್ನೂ ಹಿಂದಕ್ಕೆ ಹೋದರೆ, ಸ್ಕಾಟ್ಲೆಂಡಿನ ನ್ಯೂ ಲನಾರ್ಕಿನ ಗಿರಣಿಯ ಯಜಮಾನ ರಾಬರ್ಟ್ ಓವೆನ್ ನೆನಪಾಗುತ್ತಾನೆ. 1806ರಲ್ಲಿ ಅಮೆರಿಕೆಯ ಹತ್ತಿ ಬಾರದೆ ಗಿರಣಿ ನಾಲ್ಕು ತಿಂಗಳು ನಿಂತಾಗ ಆತ ಕೆಲಸಗಾರರಿಗೆ ಪೂರ್ತಿ ಕೂಲಿ ಕೊಟ್ಟ. ಅಲ್ಲಿಯವರೆಗೆ ಅವನನ್ನು ಸಂಶಯದಿಂದ ನೋಡುತ್ತಿದ್ದ ಜನ ಆಮೇಲೆ ಅವನಿಗಾಗಿ ಮನಸಿಟ್ಟು ದುಡಿದರು. ಗಿರಣಿ ಲಾಭವನ್ನೂ ಕಂಡಿತು. ಓವೆನ್ ಒಳ್ಳೆಯ ಒಡೆಯ. ಕೊಪ್ಪದವರು ಒಡೆಯನಿಲ್ಲದೆ ನಡೆದವರು. ದಾರಿ ಬೇರೆಯಾದರೂ ಕಂಡ ಸತ್ಯ ಒಂದೆ: ದುಡಿಯುವವನಿಗೆ ತನ್ನ ಬೆಲೆ ಗೊತ್ತಾದಾಗ ದುಡಿಮೆಯ ಬೆಲೆಯೂ ಏರುತ್ತದೆ.

ಇಲ್ಲಿಗೆ ಮಾತು ನಿಲ್ಲಿಸಿದರೆ ಕೇಳಲು ಹಿತವಾಗಿರುತ್ತದೆ. ಆದರೆ ಚರಿತ್ರೆ ಅಲ್ಲಿಗೆ ನಿಲ್ಲಲಿಲ್ಲ. 2020ರ ಫೆಬ್ರವರಿ ತಿಂಗಳಲ್ಲಿ ಸಹಕಾರ ಸಾರಿಗೆಯ ಬಸ್ಸುಗಳು ನಿಂತವು. ಮರುತಿಂಗಳು ದೇಶವೇ ಬಾಗಿಲು ಹಾಕಿಕೊಂಡಿತು. ಆದರೆ ಈ ನಿಲುಗಡೆ ಸಾಂಕ್ರಾಮಿಕದ ಫಲವಲ್ಲ, ಅದಕ್ಕೆ ಮೊದಲೇ ಬಂದದ್ದು. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ಮೇಲಿನ ಸರಕಾರದ ಹಿಡಿತ ಪೂರ್ತಿಯಾಗಿ ಸಡಿಲವಾಗಿತ್ತು. ಪ್ರಯಾಣದರವನ್ನು ನಿಗದಿ ಮಾಡುವ ಅಧಿಕಾರ ಮಾತ್ರ ಸರಕಾರದ್ದೇ. ಏರಿಳಿತದ ರಸ್ತೆಯಲ್ಲಿ ಬಸ್ಸು ಡೀಸೆಲನ್ನು ಹೆಚ್ಚು ಕುಡಿಯುತ್ತದೆ. ಮಳೆಗಾಲದಲ್ಲಿ ಸೀಟುಗಳು ಖಾಲಿ. ವಿದ್ಯಾರ್ಥಿ ಪಾಸಿಗೆ ಸರಕಾರಿ ನಿಗಮಗಳಿಗೆ ಸಿಗುವಂಥ ಆಸರೆ ಈ ಕಾರ್ಮಿಕರ ಸಂಘಕ್ಕೆ ಇರಲಿಲ್ಲ. ಸಾಲ ಬೆಳೆಯಿತು, ಸಂಬಳ ಬಾಕಿ ಬಿತ್ತು. ಬೇರೆ ಕಡೆಯಾದರೆ ಕಾರ್ಮಿಕ ಒಡೆಯನ ಮನೆಯ ಮುಂದೆ ಕೂರುತ್ತಾನೆ. ಇಲ್ಲಿ ಒಡೆಯನ ಬಾಗಿಲು ತಟ್ಟಹೋದವನಿಗೆ ಅದು ತನ್ನದೇ ಬಾಗಿಲೆಂದು ತಿಳಿಯುತ್ತಿತ್ತು.

ಆದ್ದರಿಂದ, ಕೆಲಸಗಾರರನ್ನು ಗೌರವಿಸಿದರೆ ವ್ಯವಹಾರ ಗೆದ್ದೇ ಗೆಲ್ಲುತ್ತದೆ ಎಂದು ನಾನು ಸುಲಭವಾಗಿ ಹೇಳಲಾರೆ. ಗೌರವ ಬಸ್ಸಿನ ಎಂಜಿನ್ ಇದ್ದ ಹಾಗೆ. ಅದಿಲ್ಲದೆ ಬಸ್ಸು ಹೊರಡದು. ಆದರೆ ಡೀಸೆಲ್ ಬೇರೆ ಬೇಕು, ರಸ್ತೆ ಬೇಕು, ಹತ್ತುವ ಜನ ಬೇಕು. ಮನುಷ್ಯನ ಉತ್ಸಾಹದ ಮೇಲೆ ಎಷ್ಟು ಭಾರ ಹೇರಬಹುದೆಂಬುದಕ್ಕೆ ಒಂದು ಮಿತಿ ಉಂಟು. ಸಮಾಜಕ್ಕೆ ಬೇಕಾದ ರಿಯಾಯಿತಿಯ ಹೊರೆಯನ್ನು ಮುನ್ನೂರು ಕುಟುಂಬಗಳು ಹೊತ್ತುಕೊಂಡು ಬಂದವು. ನಾವು ಅವರನ್ನು ಹೊಗಳಿ ಸುಮ್ಮನಾದೆವು.

‘ನಾವು’ ಎಂದೆ. ನಾನೂ ಎಂದು ಹೇಳುವುದು ಹೆಚ್ಚು ಪ್ರಾಮಾಣಿಕ. ನಾನು 2006ರಲ್ಲಿ ಒಂದು ಸಣ್ಣ ಕಾರು ಕೊಂಡೆ. ಅಲ್ಲಿಂದ ಮುಂದೆ ಸಹಕಾರ ಸಾರಿಗೆಯ ವಿಷಯವಾಗಿ ಸಭೆಗಳಲ್ಲಿ ಅಭಿಮಾನದಿಂದ ಮಾತನಾಡಿದೆ. ಬಸ್ಸು ಹತ್ತಿದ್ದು ಮಾತ್ರ ವರ್ಷಕ್ಕೆ ಒಂದೆರಡು ಸಲ. ನನ್ನಂಥ ಸಂಬಳದವರು ಒಬ್ಬೊಬ್ಬರಾಗಿ ಇಳಿದುಕೊಂಡೆವು. ಕೊನೆಯವರೆಗೆ ಅದರಲ್ಲಿ ಕುಳಿತವರು ಪಾಸಿನ ಮಕ್ಕಳು, ತೋಟದ ಕೂಲಿಗೆ ಹೋಗುವ ಹೆಂಗಸರು, ಆಸ್ಪತ್ರೆಗೆ ಹೊರಟ ಮುದುಕರು.

ರಾಜ್ಯ ಸರಕಾರ 2023ರ ಜೂನ್‌ನಲ್ಲಿ ಮಹಿಳೆಯರಿಗೆ ಸರಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಯೋಜನೆಯನ್ನು ಜಾರಿಗೆ ತಂದಾಗ, ಸರಕಾರಿ ಬಸ್ಸೇ ಇಲ್ಲದ ಒಳಹಳ್ಳಿಯ ಹೆಣ್ಣುಮಕ್ಕಳು ಅದರಿಂದ ನಮಗೇನು ಬಂತು ಎಂದು ಕೇಳಿದರು. ಅಂಥ ಹಳ್ಳಿಗಳ ದಾರಿ ಬಲ್ಲವರು ಯಾರಾಗಿದ್ದರು ಎಂಬುದು ಆಗ ನನಗೆ ನೆನಪಾಯಿತು.

ಬಸ್ಸುಗಳು ನಿಂತ ಮೇಲೆ ಒಮ್ಮೆ ಕೊಪ್ಪದ ಪೇಟೆಯಲ್ಲಿ ಅದೇ ಕಂಡಕ್ಟರ್ ಸಿಕ್ಕಿದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಏನು ಹೇಳಬೇಕೆಂದು ತೋಚದೆ, ‘ಎಲ್ಲ ಹಾಗಾಯಿತಲ್ಲ’ ಎಂದೆ. ‘ಹೌದು ಮೇಷ್ಟ್ರೇ, ದುಡ್ಡು ಹೋಯ್ತು. ಆದ್ರೆ ಇಪ್ಪತ್ತೊಂಬತ್ತು ವರ್ಷ ಯಾರೂ ನನ್ನ ಏಕವಚನದಲ್ಲಿ ಕರೀಲಿಲ್ಲ’ ಎಂದ ಆತ. ಕೈಯಲ್ಲಿದ್ದ ತರಕಾರಿ ಚೀಲವನ್ನು ಹೆಗಲಿಗೆ ಏರಿಸಿಕೊಂಡು ಊರಿನ ಕಡೆ ನಡೆದ. ಆ ಹೊತ್ತಿನಲ್ಲಿ ಅವನ ಊರಿಗೆ ಬಸ್ಸಿರಲಿಲ್ಲ.

(ಆಕಾಶವಾಣಿ ಭಾಷಣ)