ಹಳೆಯ ಮದುವೆ ಡಿಸ್ಕ್ ಗಣಕದಲ್ಲಿ ಓಡುವುದು ಹೇಗೆ?

ಬೆಂಗಳೂರು: ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಕಲ್ಯಾಣ ಮಂಟಪಗಳಲ್ಲಿ 2000ರ ದಶಕದಲ್ಲಿ ನಡೆದ ಅನೇಕ ಮದುವೆಗಳ ಚಿತ್ರಣ ಉಳಿದಿರುವುದು ಬೀರುವಿನಲ್ಲಿರುವ ಎರಡು-ಮೂರು ಡಿಸ್ಕ್‌ಗಳಲ್ಲಿ ಮಾತ್ರ. ಮನೆಯ ಪ್ಲೇಯರ್ ಮೂಲೆ ಸೇರಿದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಸಾಮಾನ್ಯವಾಗಿ ಇರುವುದಿಲ್ಲ. ಆದರೂ ಯುಎಸ್‌ಬಿ ಮೂಲಕ ಜೋಡಿಸುವ ಡ್ರೈವ್ ಹಾಗೂ ಸೂಕ್ತ ತಂತ್ರಾಂಶ ಇದ್ದರೆ ಅವುಗಳನ್ನು ಇಂದಿಗೂ ನೋಡಬಹುದು.

ಬೆಳಕಿನ ಓದು

ಡ್ರೈವ್‌ನೊಳಗಿನ ಲೇಸರ್ ಕಿರಣವು ತಿರುಗುವ ಡಿಸ್ಕ್‌ನ ಮೇಲೆ ಬಿದ್ದು ಪ್ರತಿಫಲಿಸುತ್ತದೆ. ಅಂಗಡಿಯಲ್ಲಿ ಕೊಂಡ ಚಲನಚಿತ್ರದ ಡಿಸ್ಕ್‌ನಲ್ಲಿ ಅಚ್ಚೊತ್ತಿದ ಸೂಕ್ಷ್ಮ ಕುಳಿಗಳಿರುತ್ತವೆ. ಸ್ಟುಡಿಯೋದವರು ಬರೆದುಕೊಟ್ಟ ಡಿಸ್ಕ್‌ನಲ್ಲಿ ಬಣ್ಣದ ಪದರದ ಮೇಲೆ ಲೇಸರ್ ಮೂಡಿಸಿದ ಗುರುತುಗಳಿರುತ್ತವೆ. ಪ್ರತಿಫಲನದ ಏರಿಳಿತವೇ ಅಂಕಿಗಳಾಗಿ ಗಣಕಕ್ಕೆ ತಲುಪುತ್ತದೆ. ಸಿ.ಡಿ.ಗೆ 780 ನ್ಯಾನೋಮೀಟರ್, ಡಿವಿಡಿಗೆ 650 ನ್ಯಾನೋಮೀಟರ್ ತರಂಗಾಂತರದ ಕಿರಣ ಬೇಕು.

ವಿಸಿಡಿ

1993ರಲ್ಲಿ ರೂಪುಗೊಂಡ ವಿಸಿಡಿ ಮಾನದಂಡವು ಎಂಪೆಗ್-1 ವಿಧಾನದಲ್ಲಿ ಚಿತ್ರವನ್ನು ಕುಗ್ಗಿಸಿಡುತ್ತದೆ. ಪಾಲ್ ಪದ್ಧತಿಯಲ್ಲಿ ಚಿತ್ರದ ಅಳತೆ 352x288 ಬಿಂದುಗಳು, ಸೆಕೆಂಡಿಗೆ 25 ಚೌಕಟ್ಟುಗಳು. ಒಂದು ಡಿಸ್ಕ್‌ನಲ್ಲಿ ಹಿಡಿಸುವುದು ಸುಮಾರು 74 ನಿಮಿಷದ ದೃಶ್ಯ. ಎರಡೂವರೆ ಗಂಟೆಯ ಕನ್ನಡ ಚಿತ್ರಕ್ಕೆ ಒಂದೇ ವಿಸಿಡಿ ಸಾಲದಿದ್ದುದು ಇದರಿಂದಲೇ. 'ಎಂಪೆಗ್‌ಎವಿ' ಎಂಬ ಕಡತಕೋಶದಲ್ಲಿನ 'ಡ್ಯಾಟ್' ಕಡತಗಳೇ ಇದರ ತಿರುಳು.

ಡಿವಿಡಿ

ಜಪಾನ್‌ನಲ್ಲಿ 1996ರಲ್ಲಿ ಮಾರುಕಟ್ಟೆಗೆ ಬಂದ ಡಿವಿಡಿಯ ಒಂದು ಪದರದಲ್ಲಿ 4.7 ಜಿ.ಬಿ. ಹಿಡಿಸುತ್ತದೆ. ಪಾಲ್ ಪದ್ಧತಿಯಲ್ಲಿ ಅದರ ಚಿತ್ರ 720x576 ಬಿಂದುಗಳಷ್ಟಿರುತ್ತದೆ. 'ವಿಡಿಯೋ ಟಿಎಸ್' ಕಡತಕೋಶದಲ್ಲಿ ಮೂರು ಬಗೆಯ ಕಡತಗಳಿವೆ. 'ವಿಒಬಿ'ಯಲ್ಲಿ ಚಿತ್ರ ಮತ್ತು ಧ್ವನಿ, 'ಐಎಫ್‌ಒ'ದಲ್ಲಿ ಯಾವ ಅಧ್ಯಾಯ ಎಲ್ಲಿದೆ ಎಂಬ ದಾರಿಸೂಚಿ, 'ಬಿಯುಪಿ'ಯಲ್ಲಿ ಆ ಸೂಚಿಯ ಮೀಸಲು ಪ್ರತಿ ಇರುತ್ತದೆ. ವಾಣಿಜ್ಯ ಡಿಸ್ಕ್‌ಗಳಿಗೆ ರಹಸ್ಯ ಸಂಕೇತ ಹಾಗೂ ವಲಯ ಸಂಖ್ಯೆಯ ಬೀಗವೂ ಇರಬಹುದು. ಭಾರತದ್ದು 5ನೇ ವಲಯ.

ಪ್ಲೇಯರ್‌ನ ಕೆಲಸ

ತಂತ್ರಾಂಶವು ಮೊದಲು ಡಿಸ್ಕ್‌ನ ಬಗೆಯನ್ನು ಗುರುತಿಸುತ್ತದೆ. ಬಳಿಕ ಬೆರೆತಿರುವ ಚಿತ್ರ ಮತ್ತು ಧ್ವನಿಯನ್ನು ಬೇರ್ಪಡಿಸಿ, ಎರಡನ್ನೂ ಬಿಡಿಸಿ, ಕಡತದಲ್ಲೇ ಇರುವ ಸಮಯದ ಗುರುತುಗಳನ್ನು ನೋಡಿ ತಾಳೆ ಹಾಕುತ್ತದೆ. ಎಲ್ಲ ಚೌಕಟ್ಟುಗಳೂ ಪೂರ್ಣ ಚಿತ್ರಗಳಲ್ಲ. ಹೆಚ್ಚಿನವು ಅಕ್ಕಪಕ್ಕದ ಚಿತ್ರಗಳಿಗಿಂತ ಇರುವ ವ್ಯತ್ಯಾಸವನ್ನಷ್ಟೇ ಹೇಳುತ್ತವೆ. ಹೀಗಾಗಿ ಒಂದು ಗೀರು ಬಿದ್ದರೆ ಮುಂದಿನ ಪೂರ್ಣ ಚಿತ್ರ ಬರುವವರೆಗೆ ಮುಖಗಳು ಚೌಕಚೌಕವಾಗಿ ಒಡೆದು ಕಾಣುತ್ತವೆ.

2012ರ ವಿಂಡೋಸ್ 8ರಲ್ಲಿ ಮೈಕ್ರೋಸಾಫ್ಟ್ ತನ್ನ ಮೀಡಿಯಾ ಪ್ಲೇಯರ್‌ನಿಂದ ಡಿವಿಡಿ ಸೌಲಭ್ಯವನ್ನು ಕೈಬಿಟ್ಟಿತು. ಫ್ರಾನ್ಸ್‌ನ ವಿದ್ಯಾರ್ಥಿಗಳ ಯೋಜನೆಯಿಂದ ಬೆಳೆದ ಉಚಿತ ತಂತ್ರಾಂಶ ವಿಎಲ್‌ಸಿ ಎರಡೂ ಬಗೆಯ ಡಿಸ್ಕ್‌ಗಳನ್ನು ಓದಬಲ್ಲದು. 2022ರಲ್ಲಿ ಭಾರತದಲ್ಲಿ ಅದರ ತಾಣಕ್ಕೆ ತಡೆ ಬಿದ್ದಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ತೆರವಾಯಿತು. ಅದರ 'ಮೀಡಿಯಾ' ಪಟ್ಟಿಯಲ್ಲಿ 'ಓಪನ್ ಡಿಸ್ಕ್' ಆರಿಸಿ, ಡಿಸ್ಕ್‌ನ ಬಗೆಯನ್ನು ಸೂಚಿಸಿದರೆ ಸಾಕು.

ಉಳಿಸಿಕೊಳ್ಳುವ ಬಗೆ

ಬರೆದ ಡಿಸ್ಕ್‌ನ ಬಣ್ಣದ ಪದರವು ಬಿಸಿಲು ಮತ್ತು ಶಾಖಕ್ಕೆ ಕೆಡುತ್ತದೆ. ಸಿ.ಡಿ.ಯಲ್ಲಿ ಮಾಹಿತಿಯ ಪದರ ಇರುವುದು ಹೆಸರು ಬರೆಯುವ ಬದಿಯ ತೆಳುಲೇಪದ ಅಡಿಯಲ್ಲೇ. ಆದುದರಿಂದ ಅಲ್ಲಿನ ಗೀರು ಕೆಳಬದಿಯ ಗೀರಿಗಿಂತ ಅಪಾಯಕಾರಿ. ಕೊಳೆಯಿದ್ದರೆ ಮೃದುವಾದ ಬಟ್ಟೆಯಿಂದ ನಡುವಿನಿಂದ ಅಂಚಿನತ್ತ ನೇರವಾಗಿ ಒರೆಸಬೇಕು, ಸುತ್ತಲೂ ಅಲ್ಲ.

ಮದುವೆ ಡಿಸ್ಕ್‌ಗಳಿಗೆ ಸಾಮಾನ್ಯವಾಗಿ ಬೀಗವಿರುವುದಿಲ್ಲ. ವಿಸಿಡಿಯಾದರೆ ಡ್ಯಾಟ್ ಕಡತಗಳನ್ನು, ಡಿವಿಡಿಯಾದರೆ ಇಡೀ ಕಡತಕೋಶವನ್ನು ಗಣಕಕ್ಕೆ ನಕಲಿಸಿಕೊಳ್ಳಬಹುದು. ಮೂಲ ಕಡತವನ್ನು ಇದ್ದಂತೆಯೇ ಇಟ್ಟುಕೊಳ್ಳುವುದು ಉತ್ತಮ. ಬೇರೆ ರೂಪಕ್ಕೆ ಬದಲಿಸಿದಷ್ಟೂ ಚಿತ್ರದ ಗುಣ ಕುಗ್ಗುತ್ತದೆ. ಒಂದು ಡ್ರೈವ್ ಓದದ ಡಿಸ್ಕ್ ಅನ್ನು ಇನ್ನೊಂದು ಓದುವುದುಂಟು. ಮತ್ತೊಂದು ಡ್ರೈವ್‌ನಲ್ಲಿ ಹಾಕಿ ನೋಡದೆ ಯಾವ ಡಿಸ್ಕ್ ಅನ್ನೂ ಎಸೆಯಬಾರದು. ಧಾರೆ ಎರೆದ ಹಿರಿಯರು ಇಂದು ಇಲ್ಲದ ಮನೆಗಳಲ್ಲಿ, ಅವರ ದನಿ ಉಳಿದಿರುವುದು ಆ ಡಿಸ್ಕ್‌ನಲ್ಲೇ ಇರಬಹುದು.